ಸುಬ್ರಾಯ ಭಾವನ ಕಾರ್ಡು

ಈ ದಿನ ಬೆಳಿಗ್ಗೆ ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಾಂಗಡೆ ಮಾರುವವಳು ನನ್ನ ಮುಖದ ಮೇಲಿನ ಅನುಮಾನ ನೋಡಿ, ಒಂದು ಮೀನಿನ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದಳು. "ನೋಡಿ ಮಾಸ್ತರ್ರೇ, ಕೆಂಪಗೆ ಅದೆಯೋ ಇಲ್ವೋ? ಮತ್ತೆಂತ ನೋಡೂದು?" ಕೆಂಪಗೇ ಇತ್ತು. ಆದರೆ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ನನಗೆ ಮೀನು ಬೇಡವಾಯಿತು. ಬರಿಯ ಚೀಲ ಹಿಡಿದುಕೊಂಡು ಚಿತ್ತಾಕುಲದ ಬಸ್ಸಿಗೆ ನಡೆದೆ. ಅಷ್ಟು ಒಳ್ಳೆಯ ಬಾಂಗಡೆಯನ್ನು ಬಿಟ್ಟು ಎದ್ದುಹೋಗುವ ಗಿರಾಕಿಯನ್ನು ಅವಳು ಅದೇ ಮೊದಲ ಸಲ ನೋಡಿರಬೇಕು. ಹಿಂದಿನಿಂದ ಕೊಂಕಣಿಯಲ್ಲಿ ಏನೋ ಅಂದಳು. ನಾನು ಕೇಳಿಸದವನ ಹಾಗೆ ಹೆಜ್ಜೆ ಹಾಕಿದೆ.

ಕಿವಿರು ಎತ್ತಿ ನೋಡಬೇಕೆಂಬ ಪಾಠವನ್ನು ನನಗೆ ಹೇಳಿಕೊಟ್ಟವರು ಅಕ್ಕನ ಗಂಡ, ಅಂಕೋಲೆಯ ಸುಬ್ರಾಯ ಭಾವ. ಅವರು ಅದನ್ನು ಹೇಳಿದ್ದು ಮೀನಿನ ವಿಷಯದಲ್ಲಲ್ಲ, ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡಿನ ವಿಷಯದಲ್ಲಿ. ನಗಬೇಡಿ, ಸ್ವಲ್ಪ ಕೇಳಿ.

ಭಾವ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ರಾಮನಗುಳಿಯ ಕಡೆ ಕಂಬ ಹತ್ತಿ ತಂತಿ ಜೋಡಿಸಿ 'ಹಲೋ' ಅಂದರೆ ತಂತಿಯ ಹಂಗಿಲ್ಲದೆಯೇ ಅಂಕೋಲೆಗೆ ಕೇಳುತ್ತದೆ ಎಂದು ಜೊತೆಯವರು ಚೇಷ್ಟೆ ಮಾಡುತ್ತಿದ್ದರಂತೆ. ಊಟಕ್ಕೆ ಕೂತರೆ ಸಾರು ತಣ್ಣಗಾಗುವ ತನಕ ಮಾತು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಆ ಮಾತು ಕೇಳುತ್ತ ಬೆಳೆದವನು. ತರಗತಿಯಲ್ಲಿ ನಾನು ಹೇಳುವ ಅರ್ಧ ಕಥೆಗಳು ಅವರವು. ಅಂಥ ಮನುಷ್ಯನ ಗಂಟಲಿಗೆ ರೋಗ ಬಂತು. ನಿವೃತ್ತಿಯಾಗಿ ವರ್ಷವೂ ತುಂಬಿರಲಿಲ್ಲ. ಆಪರೇಶನ್ ಆಗಿ ಜೀವ ಉಳಿಯಿತು, ದನಿ ಹೋಯಿತು.

ಆಮೇಲೆ ಅವರ ಮಾತೆಲ್ಲ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ, ಪೆನ್ಸಿಲಿನಲ್ಲಿ. ಬರೆದು ತೋರಿಸುವಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಹಬ್ಬಕ್ಕೆ ಹತ್ತು ಜನ ಸೇರಿದರೆ ಅವರ ಚೀಟಿ ಕೈಯಿಂದ ಕೈಗೆ ದಾಟಿ, ನಗುವ ಹೊತ್ತು ಕಳೆದ ಮೇಲೆ ಯಾರೋ ಒಬ್ಬರು ಓದಿ ನಕ್ಕ ಹಾಗೆ ಮಾಡುತ್ತಿದ್ದರು. ಎಷ್ಟೋ ಸಲ ಆ ಒಬ್ಬ ನಾನೇ.

ಆಗ ಅವರು ಕಂಪ್ಯೂಟರ್ ಹಿಡಿದರು. ಅದೂ ನಮ್ಮ ನಿಮ್ಮ ಹಾಗಲ್ಲ. ಊರೆಲ್ಲ ಬಳಸುವ ಆಪರೇಟಿಂಗ್ ಸಿಸ್ಟಮ್ ಅವರಿಗೆ ಬೇಡ. ಎಲ್ಲೋ ಸಾವಿರಕ್ಕೊಬ್ಬರು ಇಟ್ಟುಕೊಳ್ಳುವಂಥದ್ದೊಂದನ್ನು ತಂದು ಹಾಕಿಕೊಂಡರು. ಹೆಸರು ಹೇಳಿದರೂ ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೇ ನೆಟ್ಟಗೆ ಹೇಳಲು ಬರುವುದಿಲ್ಲ. ಅದರ ಗುರುತು ಮುಳ್ಳುಮುಳ್ಳಾಗಿ ಊದಿಕೊಂಡ ಒಂದು ಮೀನು. ಬೈತಖೋಲದ ಮೀನು ಬಂದರಿನಲ್ಲಿ ಅಂಥದ್ದು ಬಲೆಗೆ ಬಿದ್ದರೆ ಹರಾಜಿಗೆ ಇಡದೆ ಎಸೆಯುತ್ತಾರೆ. "ಭಾವ, ಯಾರಿಗೂ ಬೇಡದ ಮೀನು ಹಿಡ್ಕಂಡು ಕೂತ್ರಲ್ಲ" ಎಂದೆ. ಅವರು ಹಾಳೆ ಎಳೆದುಕೊಂಡು ಬರೆದರು: "ಇದ್ರ ಜನ ಎಲ್ಲಾ ಬರ್ದೇ ಮಾತಾಡೂದು. ಅಲ್ಲಿ ಯಾರಿಗೂ ದನಿ ಇಲ್ಲ. ಎಲ್ಲಾ ನನ್ನ ಹಾಂಗೆ."

ನಿಜ. ಆ ಸಿಸ್ಟಮ್ ಬಳಸುವವರು ದೇಶದೇಶಗಳಿಂದ ಇಮೇಲಿನಲ್ಲಿ ಗುಂಪು ಕಟ್ಟಿಕೊಂಡು ಬರೆದುಕೊಳ್ಳುತ್ತಾರೆ. ಭಾವನಿಗೆ ದನಿಯಿಲ್ಲವೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೊಸಬರು ಬಂದು ಮೊದಲು ಕೇಳುವುದೇ, ಯಾವ ನೆಟ್‌ವರ್ಕ್ ಕಾರ್ಡು ಕೊಳ್ಳಲಿ ಎಂದು. ಅಂಗಡಿಯಲ್ಲಿ ಸಿಗುವ ಎಲ್ಲ ಕಾರ್ಡುಗಳ ಪರಿಚಯ ಆ ಸಿಸ್ಟಮ್ಮಿಗೆ ಇರುವುದಿಲ್ಲ. ಕಾರ್ಡಿನ ಮೇಲೆ ಕೂತ ಚಿಪ್ ಯಾವುದು ಎಂಬುದರ ಮೇಲೆ ಎಲ್ಲ. ಪೆಟ್ಟಿಗೆ, ಹೆಸರು, ಚಿತ್ರ ಹಾಗೇ ಇದ್ದು ಒಳಗಿನ ಚಿಪ್ ಮಾತ್ರ ಬದಲಾಗಿರುವುದುಂಟು. ಭಾವ ಒಂದು ನೋಟ್‌ಬುಕ್ ತುಂಬ ಯಾವುದು ನಡೆಯುತ್ತದೆ, ಯಾವುದು ಅರ್ಧ ದಾರಿಯಲ್ಲಿ ಕೈಕೊಡುತ್ತದೆ ಎಂದು ಬರೆದಿಟ್ಟಿದ್ದರು. ಕೇಳಿದವರಿಗೆಲ್ಲ ತಾಳ್ಮೆಯಿಂದ ಉತ್ತರ. ನನಗೂ ಒಮ್ಮೆ ಬರೆದು ತೋರಿಸಿದ್ದರು: "ಪೆಟ್ಟಿಗೆ ನೋಡಿ ಕಾರ್ಡು ತಗಳ್ಳೂದು ಅಂದ್ರೆ ಬುಟ್ಟಿ ನೋಡಿ ಮೀನು ತಗಂಡ ಹಾಂಗೆ. ಕಿವಿರು ಎತ್ತಿ ನೋಡ್ಬೇಕು."

ಎರಡು ವರ್ಷದ ಹಿಂದೆ, ದೀಪಾವಳಿಗೆ ಮುಂಚಿನ ಗುಡುಗಿನಲ್ಲಿ ಅವರ ಮನೆಯ ಹತ್ತಿರ ಸಿಡಿಲು ಬಡಿಯಿತು. ಟಿವಿ ಹೋಯಿತು, ಇಂಟರ್ನೆಟ್ಟಿನ ಪೆಟ್ಟಿಗೆ ಹೋಯಿತು, ಅದರ ತಂತಿ ಹಿಡಿದು ಒಳಗೆ ಬಂದ ಸಿಡಿಲಿನ ಏಟಿಗೆ ಕಂಪ್ಯೂಟರಿನ ನೆಟ್‌ವರ್ಕ್ ಭಾಗವೂ ಸುಟ್ಟುಹೋಯಿತು. ಉಳಿದವು ವಾರದೊಳಗೆ ಸರಿಯಾದವು. ಕಂಪ್ಯೂಟರು ಶುರುವಾಗುತ್ತಿತ್ತು, ಆದರೆ ಹೊರಗಿನವರ ಸಂಪರ್ಕ ಇಲ್ಲ. ಭಾವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ನನ್ನ ಮೊಬೈಲು ಕೊಟ್ಟು ನೋಡಿದೆ. ಸಣ್ಣ ಅಕ್ಷರ ಕಣ್ಣಿಗೆ ಹಿಡಿಯದೆ ತಿರುಗಿ ಕೊಟ್ಟರು. ಒಂದು ಕಂಪನಿಯ ಹೆಸರು, ಅದರ ಕೆಳಗೆ ಮೂರು ಚಿಪ್ಪಿನ ಹೆಸರು ಬರೆದ ಚೀಟಿ ನನ್ನ ಕೈಗಿಟ್ಟರು. "ತಮ್ಮಾ, ಚಿಪ್ ಈ ಮೂರ್ರಲ್ಲಿ ಒಂದಾಗ್ಬೇಕು. ತೆಗ್ದು ನೋಡಿ ತಾ."

ಕಂಪ್ಯೂಟರ್ ಅಂಗಡಿ ಕಾರವಾರದಲ್ಲಿ, ನಾನು ಶಾಲೆಗೆಂದು ದಿನಾ ಬಸ್ಸಿಳಿಯುವ ಜಾಗದಿಂದ ನೂರು ಹೆಜ್ಜೆ. "ಸೀಲ್ ಒಡದ್ರೆ ತಗಳ್ಳೇಬೇಕು ನೋಡಿ" ಎಂದ ಅಂಗಡಿಯವ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಸೊನ್ನೆ ತಪ್ಪಿದರೂ ಕೆಂಪು ಗೀಟು ಎಳೆಯುವ ನಾನು, ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರನ್ನಷ್ಟೇ ಓದಿ ತಂದೆ. ಭಾವ ಅದನ್ನು ಒಡೆದು, ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಮೇಜಿನ ಮೇಲಿಟ್ಟರು. "ಹೆಸ್ರು ಅದೇ. ಚಿಪ್ ಬೇರೆ. ಇನ್ನೊಂದ್ಸಲ ಹೋಗ್ತ್ಯಾ?"

ಹೋದೆ. ಅಂಗಡಿಯವ ಈ ಸಲ ಚೀಟಿಯನ್ನೇ ಓದಿದ. "ಇದು ಹಳೇ ಮಾಲು ಮಾಸ್ತರ್ರೇ. ಮನೇಲಿ ಒಂದದೆ, ತರ್ತೆ. ಬುಧವಾರ ಬನ್ನಿ, ಕಣ್ಣಾರೆ ನೋಡೇ ತಗಳ್ಳಿ."

ಬುಧವಾರ ಉತ್ತರಪತ್ರಿಕೆಗಳ ಕಟ್ಟು ಇತ್ತು. ಮುಂದಿನ ಬುಧವಾರ ಸಹೋದ್ಯೋಗಿಯ ಮಗಳ ಮದುವೆ. ಅದರ ಮುಂದಿನ ಬುಧವಾರ ಏನೂ ಇರಲಿಲ್ಲ. ಅಂಗಡಿಯ ಎದುರಿನಿಂದಲೇ ನಡೆದುಹೋದೆ.

ಭಾನುವಾರ ಅಂಕೋಲೆಗೆ ಹೋದರೆ ಜಗುಲಿಯಲ್ಲಿ ಚೀಟಿ ಸಿದ್ಧವಾಗಿರುತ್ತಿತ್ತು: "ಬಂತಾ?" ನಾನು, "ಇಲ್ಲಾ ಭಾವ, ಸಿಗೂದು ಕಷ್ಟ ಅಂತಾರೆ. ನೋಡ್ವಾ ಮುಂದಿನ ವಾರ" ಎನ್ನುತ್ತಿದ್ದೆ. ಎರಡನೆಯ ಭಾನುವಾರದಿಂದ ಅವರು ಹೊಸ ಚೀಟಿ ಬರೆಯುವುದನ್ನು ಬಿಟ್ಟು ಹಳೆಯದನ್ನೇ ಜೇಬಿನಿಂದ ತೆಗೆದು ತೋರಿಸತೊಡಗಿದರು.

ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಸಮಾಧಾನ ಮಾಡಿದಳು. "ಸಿಗದಿದ್ರೆ ಬಿಡು ತಮ್ಮಾ. ಅದಿಲ್ಲ ಅಂತ ಇವ್ರು ಈಗ ಹೊರಗೆ ಬಂದು ಕೂತ್ಕಂತ್ರು. ಇಷ್ಟು ದಿನ ನಂಗೆ ಬೆನ್ನು ನೋಡೂದೇ ಆಗಿತ್ತು."

ನನಗೆ ಆ ಮಾತು ಸಾಕಾಗಿತ್ತು. ಮನೆಯವರ ನಡುವೆ ಇರಲಿ ಎಂದೇ ತಡ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ನನಗೆ ಹೊಟ್ಟೆಕಿಚ್ಚಾಗಿತ್ತು. ನಮಗೆ ಎರಡು ಸಾಲಿನ ಚೀಟಿ, ಕಂಡು ಕೇಳಿಲ್ಲದವರಿಗೆ ಪುಟಗಟ್ಟಲೆ ಪತ್ರ. ಚಿಕ್ಕಂದಿನಿಂದ ನನ್ನದಾಗಿದ್ದ ಮಾತು ಬೇರೆಯವರ ಪಾಲಾಗಿದೆ ಅನ್ನಿಸಿತ್ತು. ಕಾರ್ಡು ಇಲ್ಲದಿದ್ದರೆ ಅದು ನನ್ನ ಕಡೆಗೆ ತಿರುಗೀತು ಎಂಬ ಆಸೆ. ತಿರುಗಲಿಲ್ಲ. ಭಾವ ಜಗುಲಿಯಲ್ಲಿ ರಸ್ತೆ ನೋಡುತ್ತ ಕೂತಿರುತ್ತಿದ್ದರು, ಅಷ್ಟೇ. ಪೆನ್ಸಿಲು ಮುಟ್ಟುತ್ತಿದ್ದದ್ದೂ ಕಡಿಮೆಯಾಯಿತು.

ಆರನೆಯ ವಾರ, ಒಂದು ಶುಕ್ರವಾರ ಬೆಳಿಗ್ಗೆ ಚಾ ಕುಡಿದು ಜಗುಲಿಯಲ್ಲಿ ಕೂತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಒಳಗಿದ್ದ ಅಕ್ಕನನ್ನು ಕರೆಯಲು ಅವರಿಗೆ ದನಿ ಇರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಕ್ಕ ಕೇಳಿದಳು: "ಇವ್ರ ಆ ಜನಕ್ಕೆ ಯಾರು ತಿಳ್ಸೂದು ತಮ್ಮಾ? ಪಾಪ, ಅವ್ರಿಗೆ ಗೊತ್ತಾಗೂದು ಹ್ಯಾಂಗೆ?"

ಮರುದಿನವೇ ಅಂಗಡಿಗೆ ಹೋದೆ. ಅಂಗಡಿಯವ ಮೇಲಿನ ಹಲಗೆಯಿಂದ ಒಂದು ಪೆಟ್ಟಿಗೆ ಇಳಿಸಿ ಧೂಳು ಕೊಡವಿದ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಚಿತ್ತಾಕುಲ ಮಾಸ್ತರ್' ಎಂದು ಬರೆದಿತ್ತು. "ಮತ್ತೊಬ್ರು ಕೇಳಿದ್ರು, ಕೊಡ್ಲಿಲ್ಲ. ನೀವು ಬಂದೇ ಬರ್ತ್ರಿ ಅಂತ ಇಟ್ಟಿದ್ದೆ." ನಾನು ಕಾರ್ಡನ್ನು ಹೊರಗೆ ತೆಗೆದು, ಕನ್ನಡಕ ಏರಿಸಿ ಚಿಪ್ಪಿನ ಮೇಲಿನ ಅಕ್ಷರ ಓದಿದೆ. ಭಾವ ಬರೆದ ಮೂರರಲ್ಲಿ ಮೊದಲನೆಯದು.

ನೋಟ್‌ಬುಕ್ಕಿನಲ್ಲಿ ಎಲ್ಲ ಇತ್ತು, ನನ್ನಂಥ ದಡ್ಡನಿಗೂ ತಿಳಿಯುವ ಹಾಗೆ. ಪಾಸ್‌ವರ್ಡು ಅಕ್ಕನ ಹತ್ತಿರ ಇತ್ತು. ಕಾರ್ಡಿನ ಹಸಿರು ದೀಪ ಹತ್ತಿತು; ಸ್ವಲ್ಪ ಹೊತ್ತಿಗೆ ಪತ್ರಗಳು ಒಂದರ ಹಿಂದೆ ಒಂದು ಇಳಿಯತೊಡಗಿದವು. ಬಹುಪಾಲು ಗುಂಪಿನ ಹರಟೆ. ನಡುವೆ ಯಾವುದೋ ಚಳಿದೇಶದ ಒಬ್ಬ ಭಾವನ ಹೆಸರಿಗೇ ನಾಲ್ಕು ಸಲ ಬರೆದಿದ್ದ. ಮೊದಲಿನ ಮೂರು, ಎಲ್ಲಿದ್ದೀರಿ, ಆರಾಮವೇ ಎಂದು. ಕೊನೆಯದನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ: "ನಿಮ್ಮ ಕಡೆ ಈಗ ಸಿಡಿಲಿನ ಕಾಲ ಎಂದು ಹಿಂದೆ ಬರೆದಿದ್ದಿರಿ. ಕಾರ್ಡು ಸುಟ್ಟಿರಬೇಕು. ನನ್ನ ಹತ್ತಿರ ಹೆಚ್ಚಿನದೊಂದಿದೆ. ಚಿಪ್ ನೋಡಿದ್ದೇನೆ, ಸರಿ ಇದೆ. ವಿಳಾಸ ಕೊಟ್ಟರೆ ಕಳಿಸುತ್ತೇನೆ."

ಅಕ್ಕ ಕಣ್ಣೊರೆಸಿಕೊಂಡಳು. "ನೀನೂ ಪಾಪ ಎಷ್ಟು ಹುಡ್ಕಿದೆ ತಮ್ಮಾ. ಹೊತ್ತಿಗೆ ಸಿಗ್ಬೇಕಲ್ಲ." ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಆತನಿಗೆ ಬರೆದೆ: ಸುಬ್ರಾಯರು ತೀರಿಕೊಂಡರು. ನಮ್ಮ ಊರಿನಲ್ಲಿ ಕಾರ್ಡು ಆಗ ಸಿಗಲಿಲ್ಲ.

ಅದನ್ನು ಬರೆದು ಎರಡು ವರ್ಷವಾಯಿತು. ಈವತ್ತು ಮೀನಿಲ್ಲದೆ ಮನೆಗೆ ಬಂದವನು ಚೀಲವನ್ನು ಬಾಗಿಲಲ್ಲೇ ಬಿಟ್ಟು ಆತನಿಗೆ ಮತ್ತೆ ಬರೆದೆ. ಕಾರ್ಡು ಕಾರವಾರದಲ್ಲೇ ಇತ್ತು. ನನ್ನ ಹೆಸರು ಬರೆದು ತೆಗೆದಿಟ್ಟಿದ್ದರು. ನಾನು ತರಲಿಲ್ಲ. ಇಷ್ಟು ಬರೆದು, ಮತ್ತೊಮ್ಮೆ ಓದದೆ ಕಳಿಸಿಬಿಟ್ಟೆ. ಮುಖ ಕಾಣದವನಿಗೆ ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ, ಭಾವನಿಗೆ ಗೊತ್ತಿತ್ತು.

ಇನ್ನು ಅಕ್ಕನಿಗೆ ಹೇಳಬೇಕು. ಮನೆಗೆ ಯಾರು ಬಂದರೂ ಭಾವನ ಮಾತು ತೆಗೆದು ಅವಳು ಕೊನೆಗೆ ಹೇಳುವುದು ಒಂದೇ: "ಆ ಒಂದು ಕಾರ್ಡಿನ ಸಲುವಾಗಿ ನನ್ನ ತಮ್ಮ ಒಂದು ಅಂಗಡಿ ಬಿಡ್ದೆ ತಿರ್ಗಿದ." ಭಾನುವಾರ ಹೋದಾಗ ಅವಳು ಇದನ್ನು ಎತ್ತುವ ಮೊದಲೇ ಹೇಳಿಬಿಡಬೇಕು. ಎತ್ತಿದ ಮೇಲೆ ನನ್ನಿಂದ ಆಗುವುದಿಲ್ಲ.