ಕಂಬವಿಲ್ಲದ ಬಾಲ್ಕನಿ

ದಾವಣಗೆರೆಯ ಅರ್ಧ ಜನ ತಮ್ಮ ಅಂಗಡಿಯ ಕಬ್ಬಿಣದ ನೆರಳಿನಲ್ಲೇ ನೆಮ್ಮದಿಯಾಗಿ ಮಲಗುತ್ತಾರೆ ಎಂದು ವಾಮದೇವಪ್ಪನವರು ಹೇಳುತ್ತಿದ್ದರು. ಉಳಿದರ್ಧ ಜನಕ್ಕೆ ನಿದ್ದೆ ಹೇಗೆ ಬರುತ್ತದೋ ತಮಗೆ ತಿಳಿಯದು ಎಂದೂ ಸೇರಿಸುತ್ತಿದ್ದರು. ಕಬ್ಬಿಣ, ಸಿಮೆಂಟಿನ ವ್ಯಾಪಾರ ಅವರಿಗೆ ತಂದೆಯಿಂದ ಬಂದದ್ದು. ಉಪನ್ಯಾಸ ಮಾಡುವ ಚಟ ಸ್ವಂತ ಸಂಪಾದನೆ. ಅಂಗಡಿಗೆ ಬಂದವರು ಸರಳು ಕೊಂಡರೂ ಕೊಳ್ಳದಿದ್ದರೂ ಒಂದು ಉಪನ್ಯಾಸವನ್ನಂತೂ ಪುಕ್ಕಟೆ ಕೇಳಿಕೊಂಡೇ ಹೋಗಬೇಕಿತ್ತು.

"ಕಾಂಕ್ರೀಟ್ ಅಂದ್ರೆ ಗಂಡ ಇದ್ದಂಗೆ ಕಣ್ರಿ. ನೋಡಾಕೆ ಗಟ್ಟಿ. ಆದ್ರೆ ಒಳಗೆ ಹೆಂಡ್ತಿ ಹಿಡ್ಕಂಡಿರ್ತಾಳೆ. ಆ ಹೆಂಡ್ತಿನೇ ಕಬ್ಬಿಣ."

ಮಾತಿನಲ್ಲಿ ಸತ್ಯವಿತ್ತು. ಆದರೆ ಸ್ಲ್ಯಾಬಿನೊಳಗೆ ಆ ಹೆಂಡತಿ ಎಲ್ಲಿ ಕೂರುತ್ತಾಳೆಂದು ಅವರು ಒಮ್ಮೆಯೂ ಹೋಗಿ ನೋಡಿದವರಲ್ಲ. ಸರಳು ಲಾರಿ ಹತ್ತಿದ ಮೇಲೆ ಅದರ ಸಂಸಾರ ಅದರದು.

ಇಂಥವರು ಸರಸ್ವತಿ ನಗರದಲ್ಲಿ ಸ್ವಂತಕ್ಕೆ ಮನೆ ಕಟ್ಟಿಸಲು ಹೊರಟರು. ಅವರ ಆಸೆ ಒಂದೇ: ಮುಂಭಾಗದಲ್ಲಿ ಬೀದಿಯತ್ತ ಚಾಚಿಕೊಂಡ ದೊಡ್ಡ ಬಾಲ್ಕನಿ. ಅದಕ್ಕೆ ಕಂಬ ಇರಕೂಡದು. ಕೆಳಗೆ ಹೊಸ ಕಾರು ನಿಲ್ಲಬೇಕು, ಮೇಲೆ ತಾವು ನಿಲ್ಲಬೇಕು, ಎದುರು ಮನೆಯವರು ಎರಡನ್ನೂ ನೋಡಬೇಕು.

ನಕ್ಷೆ ಬರೆದವಳು ಕೃತಿಕಾ. ವಾಮದೇವಪ್ಪನವರ ಹೆಂಡತಿ ಶಕುಂತಲಮ್ಮನ ತಮ್ಮನ ಮಗಳು, ಹರಿಹರದವಳು, ಸಿವಿಲ್ ಇಂಜಿನಿಯರ್. ಮನೆಯ ಹುಡುಗಿಯೇ ಇಂಜಿನಿಯರ್ ಆದರೆ ಒಂದು ಅನುಕೂಲವಿದೆ, ಅವಳ ಮಾತು ಕೇಳಬೇಕಾದ ಹಂಗಿರುವುದಿಲ್ಲ. ಒಂದು ಭಾನುವಾರ ಬಸ್ಸಿನಲ್ಲಿ ಬಂದ ಕೃತಿಕಾ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಮಾವನ ಗಮನ ನಕ್ಷೆಯ ಮೇಲೆ ನಿಲ್ಲದ್ದನ್ನು ಕಂಡು ಬುಟ್ಟಿಯಿಂದ ಒಂದು ಸೌತೆಕಾಯಿ ಎತ್ತಿಕೊಂಡಳು.

"ಮಾವ, ಇಲ್ಲಿ ನೋಡ್ರಿ. ಕಾಂಕ್ರೀಟನ್ನ ಎಷ್ಟು ಒತ್ತಿದ್ರೂ ತಡ್ಕೊಳತ್ತೆ. ಎಳೆದ್ರೆ ಮಾತ್ರ ಬಿರುಕು ಬಿಡತ್ತೆ. ಎಳೆತ ತಡಿಯೋದು ಕಬ್ಬಿಣದ ಕೆಲಸ. ಅದಕ್ಕೆ ಎಳೆತ ಎಲ್ಲಿರತ್ತೋ ಸರಳು ಅಲ್ಲೇ ಇರಬೇಕು. ರೂಮಿನ ಸ್ಲ್ಯಾಬು ಎರಡು ಗೋಡೆ ಮೇಲೆ ಕೂತು ನಡುವೆ ಜಗ್ಗತ್ತೆ, ಎಳೆತ ಕೆಳಗೆ ಬೀಳತ್ತೆ. ಬಾಲ್ಕನಿ ಹಂಗಲ್ಲ, ಅದಕ್ಕೆ ಹಿಡಿತ ಒಂದೇ ಕಡೆ."

ಸೌತೆಕಾಯಿಯ ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು, ಹೊರಗೆ ಚಾಚಿದ ಇನ್ನೊಂದು ತುದಿಯನ್ನು ಕೆಳಕ್ಕೆ ಅದುಮಿದಳು. ಮೇಲಿನ ಸಿಪ್ಪೆ ಮೊದಲು ಬಿರಿದು ಕಾಯಿ ಲಟಕ್ಕನೆ ಮುರಿಯಿತು.

"ಕಂಡ್ರಾ? ಮೇಲಿಂದ ಬಿರಿತು. ಅದಕ್ಕೆ ಬಾಲ್ಕನಿಗೆ ಸರಳು ಮೇಲ್ಭಾಗದಾಗೇ ಇರಬೇಕು."

ವಾಮದೇವಪ್ಪನವರು ಮುರಿದ ತುಂಡನ್ನು ಉಪ್ಪು ಖಾರಕ್ಕೆ ಅದ್ದಿ ಕಚ್ಚಿದರು. "ಎಳೇದೈತೆ. ಎಲ್ಲಿ ತಂದೆ ಶಕುಂತಲಾ?"

"ಸೌತೆಕಾಯಿ ಇರ್ಲಿ, ಹುಡುಗಿ ಹೇಳಿದ್ದು ಕೇಳಿಸ್ತೇನ್ರಿ?" ಎಂದರು ಶಕುಂತಲಮ್ಮ.

"ಕಬ್ಬಿಣದ ವಿಷ್ಯ ನನಗ ಹೇಳಿಕೊಡ್ತೀರೇನು?" ಎಂದು ಅವರು ಇನ್ನರ್ಧಕ್ಕೆ ಕೈ ಚಾಚಿದರು.

ಬಾಲ್ಕನಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕುವ ದಿನ ಬಂತು. ಹಿಂದಿನ ಸಂಜೆ ಕೃತಿಕಾ ಬಂದು ಸರಳುಗಳನ್ನು ಮೇಲ್ಭಾಗಕ್ಕೆ ಕಟ್ಟಿಸಿ ಹೋಗಿದ್ದಳು. ಆ ದಿನ ಮಾತ್ರ ಅವಳಿಗೆ ಹರಿಹರದಲ್ಲಿ ಬೇರೆ ಕೆಲಸ. ವಾಮದೇವಪ್ಪನವರು ಇಸ್ತ್ರಿಯ ಬಿಳಿ ಪಂಚೆಯಲ್ಲಿ ಬಂದು ಏಣಿ ಹತ್ತಿ ನೋಡಿದರು. ಮೇಸ್ತ್ರಿ ಭರಮಣ್ಣ ನಂದಿಗುಡಿಯವನು. ಎದುರಿಗೆ ಯಾರಿರುತ್ತಾರೋ ಅವರಿಗೆ ಹೌದೆನ್ನುವುದು ಅವನ ಧರ್ಮ. ಆ ಧರ್ಮದಿಂದಲೇ ಅವನಿಗೆ ವರ್ಷವಿಡೀ ಕೆಲಸವಿರುತ್ತಿತ್ತು.

"ಭರಮಣ್ಣ, ಭಾರ ಎತ್ತಲಾಗೆ ಬೀಳತ್ತೆ? ಮೇಲಕ್ಕೋ, ಕೆಳಕ್ಕೋ?"

"ಕೆಳಕ್ಕೇ ಸಾವ್ಕಾರ್ರೆ."

"ಮತ್ತೆ ಸರಳು ಮೇಲೆ ಯಾಕ ಕಟ್ಟೀಯ? ಆಕಾಶ ಬೀಳದಂಗೆ ಹಿಡಿಯಾಕಾ?"

"ಮೇಡಂನೋರು ಮೇಲೇ ಇರ್ಲಿ ಅಂದಿದ್ರು."

"ಆಕಿ ಓದಿದ್ದು ನಾಲ್ಕು ವರ್ಷ. ನಾನು ಕಬ್ಬಿಣ ಮಾರಿದ್ದು ನಲವತ್ತು ವರ್ಷ."

"ಅದೂ ಹೌದ್ರಿ."

ಸರಳುಗಳು ಕೆಳಗಿಳಿದವು. ಗೋಡೆಯೊಳಗಿನ ಬೀಮಿಗೆ ಕೊಕ್ಕೆ ಹಾಕಿದ್ದ ಒಂದಷ್ಟು ಸರಳು ಮಾತ್ರ ಎಷ್ಟು ತುಳಿದರೂ ಬಗ್ಗದೆ ಮೇಲೆಯೇ ಉಳಿದವು. ಭದ್ರತೆಗೆಂದು ಅಂಗಡಿಯಿಂದ ಇನ್ನಷ್ಟು ದಪ್ಪ ಸರಳು ತರಿಸಿ ತಳದಲ್ಲಿ ಮಲಗಿಸಿದರು. ಕಾಂಕ್ರೀಟು ಬಿತ್ತು. ಆಮೇಲಿನ ಆರೈಕೆಯಲ್ಲಿ ವಾಮದೇವಪ್ಪನವರನ್ನು ಯಾರೂ ದೂರುವಂತಿಲ್ಲ. ಕಾಂಕ್ರೀಟು ಒಣಗಿದರೆ ಗಟ್ಟಿಯಾಗುವುದಿಲ್ಲ, ನೀರು ಕುಡಿದರೆ ಗಟ್ಟಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿಸಿ, ದಿನವೂ ತಾವೇ ನಿಂತು ನೀರು ನಿಲ್ಲಿಸಿದರು. ಆ ಪ್ರೀತಿಯಲ್ಲಿ ಕೂಸನ್ನು ಸಾಕಿದ್ದರೆ ಅದು ನಡೆದಾಡುತ್ತಿತ್ತು.

ಸ್ಲ್ಯಾಬಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚುವ ಬೆಳಿಗ್ಗೆ ನೆಂಟರನ್ನು ಕರೆಸಿದ್ದರು. ಬಾಲ್ಕನಿ ಗಾಳಿಯಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡಲಿ ಎಂದು ಆಸೆ. ಮಂಡಕ್ಕಿ, ಮೆಣಸಿನಕಾಯಿ ಬಂದಿದ್ದವು. ಭರಮಣ್ಣ ಕೆಳಗೆ ನಿಂತು ಹೊರತುದಿಯ ಆಸರೆ ಕಂಬಗಳನ್ನು ಒಂದೊಂದಾಗಿ ಬಡಿದು ತೆಗೆಯತೊಡಗಿದ. ಎಲ್ಲರ ಬಾಯಲ್ಲೂ ಮಂಡಕ್ಕಿ ಇದ್ದಾಗ ಮೇಲೆ ಗೋಡೆಯ ಬುಡದಲ್ಲಿ ಒಣಗಿದ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಸ್ಲ್ಯಾಬಿನ ಮೇಲ್ಮೈಯಲ್ಲಿ ಉದ್ದಕ್ಕೂ ಬಿರುಕು ತೆರೆದು ಹೊರತುದಿ ನಾಲ್ಕು ಬೆರಳು ಕೆಳಗಿಳಿಯಿತು. ಅದರಡಿಯಲ್ಲಿ ಭರಮಣ್ಣ ಕೊನೆಯ ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿದ್ದ.

ವಾಮದೇವಪ್ಪನವರೊಳಗೆ ಅಂಥ ಓಟವಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ನೆಂಟರೆಲ್ಲ ಬೀದಿಗೆ ಓಡಿದರೆ ಅವರು ಪಂಚೆ ಎತ್ತಿಕೊಂಡು ಸ್ಲ್ಯಾಬಿನಡಿಗೆ ಓಡಿದರು. ಬಿದ್ದಿದ್ದ ಕಂಬವೊಂದನ್ನು ಎತ್ತಿ ಸ್ಲ್ಯಾಬಿಗೆ ಆನಿಸಿ ಹೆಗಲು ಕೊಟ್ಟು, "ಹೊರಗ ಹೋಗೋ ಭರಮಣ್ಣ, ಹೋಗೋ!" ಎಂದು ಕೂಗಿದರು. ಆಳುಗಳು ಬಂದು ಉಳಿದ ಕಂಬಗಳನ್ನೂ ನಿಲ್ಲಿಸುವವರೆಗೆ ಅಲುಗಲಿಲ್ಲ. ಆಮೇಲೆ ಮರಳ ಗುಡ್ಡೆಯ ಮೇಲೆ ಕೂತು, ಬಂದವರನ್ನೆಲ್ಲ "ಯಾರಿಗೂ ಏನೂ ಆಗಲಿಲ್ಲ ಅಲ್ಲಾ?" ಎಂದು ಕೇಳಿದ್ದನ್ನೇ ಕೇಳಿದರು.

ಮಧ್ಯಾಹ್ನ ಕೃತಿಕಾ ಬಂದಳು. ಬಿರುಕು ನೋಡುತ್ತಲೇ ಅವಳಿಗೆ ಅರ್ಥವಾಯಿತು.

"ಸರಳು ಕೆಳಗೆ ಮಾಡಿದ್ದು ಯಾರು?"

"ಸಾವ್ಕಾರ್ರು ಹೇಳಿದ್ದು ಹೌದು ಅನಿಸ್ತು ಮೇಡಂ," ಎಂದ ಭರಮಣ್ಣ. "ನೀವು ಹೇಳಿದಾಗ್ಲೂ ಹೌದು ಅನಿಸಿತ್ತು."

"ನಾನೇ ಮಾಡ್ಸಿದ್ದು ತಾಯಿ," ಎಂದರು ವಾಮದೇವಪ್ಪ ಮೆಲ್ಲಗೆ.

ಕೃತಿಕಾ ಮಾವನನ್ನು ಬಯ್ಯಲಿಲ್ಲ. ಒಡೆದು ಹೊಸದಾಗಿ ಹಾಕುವುದೇ ಒಳ್ಳೆಯದು ಎಂದಳು.

"ಒಡೆದ್ರೆ ಸದ್ದು ಇಡೀ ಬೀದಿಗೆ ಕೇಳತ್ತೆ. ಬ್ಯಾಡ. ಬೇರೆ ದಾರಿ ಹೇಳು."

"ಹೊರತುದಿಗೆ ಬೀಮು ಕೊಟ್ಟು ಎರಡು ಕಂಬ ನಿಲ್ಲಿಸಬೇಕು, ಬಿರುಕು ತುಂಬಿಸಬೇಕು. ಆಗ ಇದಕ್ಕೂ ಎರಡು ಕಡೆ ಹಿಡಿತ ಸಿಗತ್ತೆ. ನಡುವೆ ಜಗ್ಗತ್ತೆ, ಎಳೆತ ಕೆಳಗೆ ಬರತ್ತೆ. ನೀವು ಹಾಕ್ಸಿದ ಸರಳು ಆಗ ಸರಿಯಾದ ಜಾಗದಾಗಿರತ್ತೆ."

ಇಷ್ಟು ಮಾತಿನಲ್ಲಿ ವಾಮದೇವಪ್ಪನವರಿಗೆ ಕೇಳಿಸಿದ್ದು ಕೊನೆಯ ವಾಕ್ಯ ಮಾತ್ರ. ಬಗ್ಗಿದ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಮುಂದಿನ ಸೋಮವಾರ ಅಂಗಡಿಯಲ್ಲಿ ಉಪನ್ಯಾಸ ಮತ್ತೆ ಶುರು: "ಸರಳು ಕೆಳಗೇ ಇರಬೇಕು ಅಂತ ನಾನು ಮೊದ್ಲಿಂದ ಹೇಳ್ತಿದ್ದೆ. ಕೊನಿಗೆ ಇಂಜಿನಿಯರೇ ಒಪ್ಪಿಕೊಂಡ್ಲು."

ಕಂಬಗಳು ಎದ್ದವು. ಮೈಗೆ ಗ್ರಾನೈಟು, ತಲೆಗೆ ಕಮಲ. ಕಂಬ ಎದ್ದ ಜಾಗ ಕಾರಿನ ದಾರಿಯೇ ಆದ್ದರಿಂದ ಹೊಸ ಕಾರು ಬಟ್ಟೆ ಹೊದ್ದು ಬೀದಿಯಲ್ಲೇ ನಿಂತಿತು. "ಕಾರು ಹೊರಗೇ ಇರೋದೇನ್ರಿ?" ಎಂದು ಶಕುಂತಲಮ್ಮ ಕೇಳಿದ್ದಕ್ಕೆ, "ಹೊರಗಿದ್ರೆ ನಾಲ್ಕು ಜನ ನೋಡ್ತಾರೆ" ಎಂದರು. ಗೃಹಪ್ರವೇಶದ ದಿನ ಕಂಬದ ಬಗ್ಗೆ ಕೇಳಿದವರಿಗೆ, "ಅರಮನೆಗೆ ಕಂಬ ಇರಲ್ವೇನ್ರಿ?" ಎಂದು ಮರುಪ್ರಶ್ನೆ ಹಾಕಿದರು. ಕೇಳಿದವರು ಕಂಬಗಳನ್ನು ಇನ್ನೊಮ್ಮೆ ನೋಡಿದರು. ನೋಡುತ್ತ ನೋಡುತ್ತ ಅವು ಚೆಂದ ಕಂಡವು.

ಹಿಂದಿನ ಬೀದಿಯ ಪಾಲಯ್ಯನವರ ಮನೆಯ ಬಾಲ್ಕನಿ ಕಂಬವಿಲ್ಲದೆ ವರ್ಷಗಟ್ಟಲೆ ನಿಶ್ಚಿಂತೆಯಿಂದ ನಿಂತಿತ್ತು. ನಿವೃತ್ತ ಹೆಡ್‌ಮಾಸ್ಟರರಾದ ಅವರಿಗೆ ಈಗ ಅದು ಬೋಳಾಗಿ ಕಾಣತೊಡಗಿತು. ವಾಮದೇವಪ್ಪನವರನ್ನು ಕರೆದುಕೊಂಡು ಕೃತಿಕಾಳಲ್ಲಿಗೇ ಬಂದರು.

"ನಿಮ್ಮದಕ್ಕೆ ಸರಳು ಮೇಲೈತೆ ಸರ್," ಎಂದಳು ಕೃತಿಕಾ. "ಕಂಬ ಕೊಟ್ರೆ ಎಳೆತ ಕೆಳಗೆ ಬರತ್ತೆ, ಅಲ್ಲಿ ಕಬ್ಬಿಣ ಸಾಲಲ್ಲ. ಬಿರುಕು ಬಿಡತ್ತೆ. ಬ್ಯಾಡ."

"ನಿಮ್ಮ ಮಾವನಿಗೆ ಹಾಕಿಕೊಟ್ಯಲ್ಲಮ್ಮ. ನಮಗ್ಯಾಕ ಬ್ಯಾಡ?"

ಕೃತಿಕಾ ಮಾವನ ಕಡೆ ನೋಡಿದಳು. ವಾಮದೇವಪ್ಪನವರು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅವಳಿಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಮಾವನ ಬಾಲ್ಕನಿಗೆ ಕಂಬ ಯಾಕೆ ಬಂತೆಂಬ ನಿಜ ಹೇಳದೆ, ಕಂಬ ಹಾಕಿಕೊಡಲು ಒಪ್ಪಿದಳು.

ಪಾಲಯ್ಯನವರ ಮನೆಗೆ ಎರಡು ಕಂಬ ಬಂದವು, ಸರಳು ವಾಮದೇವಪ್ಪನವರ ಅಂಗಡಿಯದೇ. ಆದರೆ ಕೃತಿಕಾ ಅವುಗಳನ್ನು ಬಾಲ್ಕನಿಗೆ ತಾಗದಂತೆ, ಬೆರಳಷ್ಟು ಸಂದು ಬಿಟ್ಟು ನಿಲ್ಲಿಸಿ, ಸಂದಿಗೆ ಬಣ್ಣದ ಪಟ್ಟಿ ಮುಚ್ಚಿಸಿದಳು. ಅವು ಏನನ್ನೂ ಹೊತ್ತಿಲ್ಲ. ಮನೆಗೆ ಯಾರೇ ಬಂದರೂ ಪಾಲಯ್ಯನವರು ಕಂಬದ ಬೆನ್ನು ತಟ್ಟಿ ಹೇಳುತ್ತಾರೆ:

"ಇಡೀ ಮನೆ ಇದರ ಮ್ಯಾಲೇ ನಿಂತೈತೆ ನೋಡ್ರಿ."