ಗೇರ್ ಬಾಕ್ಸಿನಲ್ಲಿ ಹರಳೆಣ್ಣೆ

ಬ್ರೂಸ್‌ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಹಾಲಸಿದ್ದಪ್ಪನ ಸಿಟ್ಟು ಬಳ್ಳಾರಿಗೆಲ್ಲ ಗೊತ್ತಿತ್ತು. ೧೯೫೦ರಲ್ಲಿ ಸಿರುಗುಪ್ಪದ ಭತ್ತದ ವ್ಯಾಪಾರಿ ದೊಡ್ಡಬಸಪ್ಪ ತನ್ನ ಹಳೆಯ ಕಾರು ತಂದ. ಗೇರ್ ಬೀಳುತ್ತಿರಲಿಲ್ಲ. ಗೇರ್ ಬಾಕ್ಸಿನ ಬೋಲ್ಟು ಬಿಚ್ಚಿದರೆ ಎಣ್ಣೆ ಬೆಲ್ಲದ ಪಾಕದಂತೆ ಅಂಟಂಟಾಗಿ ಇಳಿಯಿತು. ಹಾಲಸಿದ್ದಪ್ಪ ಬೆರಳಿಗೆ ಹಚ್ಚಿಕೊಂಡು ಮೂಸಿದ. ಹರಳೆಣ್ಣೆ.

"ಇದು ಕೂಸಿನ ನೆತ್ತಿಗೆ ಹಚ್ಚೋ ಎಣ್ಣಿ. ಗೇರಿಗೆ ಹಾಕಾಕ ಯಾವ ತಲಿಕೆಟ್ಟವ ಹೇಳಿದನ್ರಿ ನಿಮಗ?" ಎಂದು ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಬಿಸಾಕಿದ. "ಕಾರು ಸಾಕಾಕ ಬರಲಿಲ್ಲಂದ್ರ ಎತ್ತಿನ ಬಂಡ್ಯಾಗ ಅಡ್ಡಾಡ್ರಿ."

"ಯುದ್ಧದಾಗ ಗೇರ್ ಎಣ್ಣಿ ಸಿಗವಲ್ದಂತ ನೀವ ಇದನ್ನ ಹಾಕಿ ಕೊಟ್ರಿ," ಎಂದ ದೊಡ್ಡಬಸಪ್ಪ. "ವರ್ಷಕ್ಕೊಮ್ಮೆ ಹಳೇದು ತಗದು ಹೊಸಾ ಹರಳೆಣ್ಣಿ ಹಾಕ್ರಿ, ಏನೂ ಆಗಂಗಿಲ್ಲ ಅಂದ್ರಿ. ಒಂದು ವರ್ಷನೂ ತಪ್ಪಿಸಿಲ್ಲ ನಾ."

ಹಾಲಸಿದ್ದಪ್ಪ ಬಿಸಾಕಿದ ಪಾನಾವನ್ನು ತಾನೇ ಎತ್ತಿಕೊಂಡು ಕಾರಿನ ಕೆಳಗೆ ತೂರಿದ. ಸಂಜೆಯವರೆಗೂ ಹೊರಗೆ ಬರಲಿಲ್ಲ.