ಹೂದಾನಿಯಾದ ಹೆಂಡತಿ

ನಮ್ಮ ಸೋದರತ್ತೆ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದಳು. ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ತೆಳುವಾಗಿ ಕೆಂಪು, ಸಣ್ಣ ಕುಂಚದಲ್ಲಿ ಸೀರೆಯ ಅಂಚು. ಬೋಳುತಲೆಗೆ ಕೂದಲು, ಜನ್ಮದಲ್ಲಿ ಕೋಟು ಕಾಣದವನಿಗೆ ಕೋಟು. "ದೇವರು ಮರೆತದ್ದನ್ನ ನಾನು ಹಾಕ್ಕೊಡ್ತೀನಿ" ಎಂದು ನಗುತ್ತಿದ್ದಳು.

ಅವಳಿಗೆ ನಗು ಬಾರದ ಕೆಲಸವೂ ಒಂದಿತ್ತು. ಮನೆಯವರಿಗೆ ಬೇಡವಾದವರನ್ನು ಫೋಟೋದಲ್ಲಿ ದಪ್ಪ ಬಣ್ಣ ಬಳಿದು ಮುಚ್ಚಿ, ಅಲ್ಲೊಂದು ಹೂದಾನಿ ಬರೆಯಬೇಕು. ಪಾಲು ಕೇಳಿದ ತಂಗಿ ಹೂದಾನಿ, ಮನಸ್ಸಿಗೆ ಬಂದವನನ್ನು ಕಟ್ಟಿಕೊಂಡ ಮಗಳು ಹೂದಾನಿ. ಒಬ್ಬ ಗಂಡಸಾದರೂ ಹೂದಾನಿಯಾದದ್ದನ್ನು ನಾನು ಕಾಣೆ!

ಒಂದು ದಿನ ಬಟ್ಟೆ ಅಂಗಡಿಯವನು ಪುಟ್ಟ ಮಗಳ ಜೊತೆ ಬಂದ. ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದ್ದ. ಮಗುವಿನ ಮುಖ ನೋಡಲೂ ಅವಳನ್ನು ಬಿಡುತ್ತಿರಲಿಲ್ಲ. ತಂದ ಫೋಟೋದಲ್ಲಿ ಅವನು, ಅವಳು, ನಡುವೆ ಕುರ್ಚಿಯ ಮೇಲೆ ನಿಂತ ಮಗು.

"ಇವಳನ್ನ ತೆಗೆದು ದೊಡ್ಡದು ಮಾಡ್ಕೊಡಿ. ಹೊಸಬಳು ಬರೋಷ್ಟರಲ್ಲಿ ಗೋಡೆಗೆ ಹಾಕ್ಬೇಕು" ಅಂದ, ಮಗುವಿನ ಎದುರಿಗೇ. ಅಲ್ಲೇ ಇದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆ ಫೋಟೋ ನೋಡಿದಳು. "ಮಗು ಅಮ್ಮನ ಕಡೆಗೇ ವಾಲಿದೆ. ಅದರ ಸೊಂಟದ ಮೇಲಿರೋ ಅವಳ ಈ ಕೈ ಹೋದ್ರೆ ಬೀಳೋ ಹಾಗೆ ಕಾಣುತ್ತೆ."

"ಹೇಳಿದಷ್ಟು ಮಾಡಮ್ಮ" ಎಂದು ಸ್ಟುಡಿಯೋ ಮಾಲೀಕ ಗದರಿದ.

ಅತ್ತೆ ಕುಂಚ ಎತ್ತಿಕೊಂಡಳು. ಮುಖದ ಮೇಲೆ ಹೂವು ಬಂತು, ಸೀರೆಯ ಮೇಲೆ ಹೂದಾನಿ ಬಂತು. ಕೈಯನ್ನು ಮಾತ್ರ ಮುಚ್ಚಲಿಲ್ಲ. ಮುಚ್ಚುವುದಿರಲಿ, ಅದರ ಬಳೆಗಳಿಗೆ ಒಂದೊಂದಾಗಿ ಹಸಿರು ಹಚ್ಚಿದಳು.

ಮತ್ತೆ ಮಗಳ ಜೊತೆ ಬಂದ ಬಟ್ಟೆ ಅಂಗಡಿಯವನು ಫೋಟೋ ನೋಡಿ ಕೆಂಡಾಮಂಡಲವಾದ. "ಹೂದಾನಿಗೆ ಕೈ ಇರುತ್ತೇನ್ರೀ? ಯಾರದ್ದಿದು?"

"ಅಮ್ಮಂದು" ಎಂದಿತು ಮಗು, ಬಳೆಯ ಮೇಲೆ ಬೆರಳಿಟ್ಟು.

ಅತ್ತೆ ಕುಂಚವನ್ನು ಅವನ ಮುಂದೆ ಹಿಡಿದು ಕಡ್ಡಿ ಮುರಿದಂತೆ ಹೇಳಿದಳು: "ತಗೊಳ್ಳಿ. ಮಗಳೆದುರಿಗೆ ನೀವೇ ಮುಚ್ಚಿ."

ಅವನು ಕುಂಚ ಮುಟ್ಟಲಿಲ್ಲ. ಆ ಮಹಾಶೂರ ಮಗುವನ್ನು ದರದರ ಎಳೆದುಕೊಂಡು ಹೊರಟ. ಮಾಲೀಕ ಅತ್ತೆಯನ್ನು ಅಂದೇ ಕೆಲಸದಿಂದ ತೆಗೆದ. ತಾನೇ ಕೂತು ಆ ಕೈ ಮುಚ್ಚಿ, ಫೋಟೋವನ್ನು ಬಟ್ಟೆ ಅಂಗಡಿಯವನ ಮನೆಗೆ ಕಳಿಸಿಕೊಟ್ಟ.

ಅದು ಈಗಲೂ ಅವರ ಗೋಡೆಯ ಮೇಲಿದೆ. ಅದರಲ್ಲಿ ಆ ಮಗು, ಯಾರೂ ಇಲ್ಲದ ಕಡೆಗೆ ವಾಲಿಕೊಂಡು ನಗುತ್ತಿದೆ.